ಕೆಚ್ಚು, ಕಿಚ್ಚಲ್ಲ

‘ಕೆಚ್ಚೆದೆ ಎಂದು ಬರೆಯುವುದು ತಪ್ಪು, ಅದು ಕಿಚ್ಚೆದೆ ಆಗಬೇಕು, ಎದೆಯಲ್ಲಿ ಕಿಚ್ಚಿದ್ದವನೇ ವೀರ’ ಎಂದು ಓದುಗರೊಬ್ಬರು ಕಾಗದ ಬರೆದಿದ್ದಾರೆ. ಅವರೊಬ್ಬರನ್ನೇ ದೂರಿ ಫಲವಿಲ್ಲ. ಸಿನಿಮಾ ಪೋಸ್ಟರು, ಕ್ರಿಕೆಟ್ ವರದಿ, ಚುನಾವಣೆಯ ಫ್ಲೆಕ್ಸುಗಳಲ್ಲಿ ಈ ಪದ ಸವೆದು ಸವೆದು, ಅದು ಮರದ ಮಾತೆಂಬುದೇ ಮರೆತುಹೋಗಿದೆ. ಕಿಚ್ಚು ಹತ್ತಲು ಒಂದು ಕಡ್ಡಿ ಗೀರಿದರೆ ಸಾಕು. ಕೆಚ್ಚು ಬಲಿಯಲು ಹತ್ತಾರು ವರ್ಷ ಬೇಕು.

ಬೀಟೆ ದಿಮ್ಮಿಯ ಕೊಯ್ದ ತುದಿಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗಟೆಗೆ ಅಂಟಿಕೊಂಡು ಮಾಸಲು ಬಿಳಿಯ ಒಂದು ಸುತ್ತು; ಅದು ಮುಗಿದಲ್ಲಿ, ಗೆರೆ ಎಳೆದ ಹಾಗೆ, ನೇರಳೆಗಂದು ಕೆಚ್ಚು ಶುರು, ನಡುನಡುವೆ ಕರಿಯ ಪಟ್ಟಿ. ಮರ ನೀರು ಹರಿಸುವುದೂ ಪಿಷ್ಟ ಕೂಡಿಡುವುದೂ ಆ ಬಿಳಿ ಭಾಗದಲ್ಲಿ. ಕುಟ್ಟೆಹುಳ ಬರುವುದು ಆ ಪಿಷ್ಟಕ್ಕೇ. ಒಳಗಿನ ಪದರಗಳು ವಯಸ್ಸಾಗಿ ಜೀವ ಬಿಡುವಾಗ ಗೆದ್ದಲಿಗೂ ಬೂಷ್ಟಿಗೂ ಆಗದ ಸತ್ವಗಳು ಅಲ್ಲಿ ತುಂಬಿಕೊಳ್ಳುತ್ತವೆ. ಬೀಟೆಯಲ್ಲಂತೂ ಸುಣ್ಣದಂಥ ಕಣಗಳೂ ಸೇರಿಕೊಂಡು ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಹತ್ತರಿ ಹಾಕುವಾಗ ಎಚ್ಚರ ತಪ್ಪಿದರೆ ಮೈ ಕಿತ್ತು ಬರುತ್ತದೆ. ಇಷ್ಟೆಲ್ಲ ಕಾಡಿಸಿದ ಮೇಲೆ ಅದು ಕೊಡುವ ಹೊಳಪು ಬೇರೆ ಮರಕ್ಕೆ ಬಾರದು.

ಕೆಚ್ಚು ಕೆಂಪಿನ ಬಳಗದ ಪದ ಎಂಬುದು ನನ್ನ ವಾದ. ಹಳಗನ್ನಡದಲ್ಲಿ ‘ಕೆಚ್ಚನೆ’ ಎಂದರೆ ಕೆಂಪಗೆ. ಮರ ಕೊಯ್ದವನ ಕಣ್ಣಿಗೆ ಮೊದಲು ಬಿದ್ದದ್ದು ಬಣ್ಣ, ಕೈಗೆ ಆಮೇಲೆ ಸಿಕ್ಕಿದ್ದು ಗಟ್ಟಿತನ. ಕಗ್ಗಲಿಯ ಕೆಚ್ಚನ್ನು ಕುದಿಸಿದರೆ ಎಲೆಯಡಿಕೆಯ ಕೆಂಪು ಕಾಚು. ರಕ್ತಚಂದನದ ಬಣ್ಣ ಹೆಸರಲ್ಲೇ ಇದೆ. ಹಲಸಿನ ಕೆಚ್ಚು ಹಳದಿಯಲ್ಲವೇ ಎನ್ನುವವರು ಹಳೆಯ ಮನೆಯ ಹಲಸಿನ ತೊಲೆಯನ್ನು ನೋಡಲಿ, ಕಾಲ ಅದನ್ನೂ ಕೆಂಪಾಗಿಸಿರುತ್ತದೆ. ತಮಿಳರು ಇದೇ ಭಾಗವನ್ನು ‘ವೈರಂ’ ಎನ್ನುತ್ತಾರೆ, ವಜ್ರಕ್ಕೂ ಅವರಲ್ಲಿ ಅದೇ ಮಾತು. ಅವರು ಗಟ್ಟಿತನ ಕಂಡರು, ನಾವು ಬಣ್ಣ ಕಂಡೆವು.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಈ ಗಾದೆಯಲ್ಲಿ ಕೆಚ್ಚೆಂಬ ಪದವಿಲ್ಲ, ಆದರೆ ಗಾದೆಯೆಲ್ಲ ಅದರದ್ದೇ. ಗಿಡಕ್ಕೂ ಮರಕ್ಕೂ ನಡುವೆ ಬರುವುದು ಕೆಚ್ಚಲ್ಲದೆ ಇನ್ನೇನು? ಮಕ್ಕಳನ್ನು ಗದರಿಸುವ ಹಿರಿಯರ ಬಾಯಲ್ಲಿ ಬಗ್ಗದಿರುವುದು ದೋಷವಾಗಿಬಿಟ್ಟಿದೆ. ಬಡಗಿಯನ್ನು ಕೇಳಿ. ಬಗ್ಗುವ ಮರದಿಂದ ಬಾಗಿಲವಾಡ ಮಾಡಿದರೆ ಒಂದು ಮಳೆಗಾಲಕ್ಕೆ ಕದ ಹಾಕಲು ಬರುವುದಿಲ್ಲ. ತೊಲೆ ಬಗ್ಗಿದರೆ ಮಾಳಿಗೆಯೇ ಕುಸಿಯುತ್ತದೆ. ಗಾಡಿಯ ಚಕ್ರಕ್ಕೆ, ನೇಗಿಲಿಗೆ ಬೀಟೆ ಹುಡುಕಿದವರು ಬಗ್ಗದ್ದನ್ನೇ ಹುಡುಕಿದರು. ಈ ಗಾದೆ ಮೊದಲು ಹುಟ್ಟಿದ್ದು ಮರಗೆಲಸದ ಕೊಟ್ಟಿಗೆಯಲ್ಲಿ, ಮೆಚ್ಚುಗೆಯ ಮಾತಾಗಿ ಎಂದೇ ನಾನು ನಂಬುತ್ತೇನೆ, ‘ಬಗ್ಗೀತೇ?’ ಎಂಬಲ್ಲಿ ನನಗೆ ಹೆಮ್ಮೆ ಕೇಳಿಸುತ್ತದೆ. ಬೈಗುಳದ ದನಿ ಮನೆಯೊಳಗೆ ಬಂದ ಮೇಲೆ ಸೇರಿದ್ದು. ಕೆಚ್ಚೆದೆ ಎಂದವನ ಮನಸ್ಸಿನಲ್ಲಿದ್ದದ್ದೂ ಆ ಕೊಟ್ಟಿಗೆಯ ಮರವೇ: ಉರಿದು ಬೂದಿಯಾಗುವ ಎದೆಯಲ್ಲ, ಭಾರ ಹೊತ್ತು ನಿಲ್ಲುವ ಎದೆ.

ಮೈಸೂರಿನ ಮಂಡಿ ಮೊಹಲ್ಲಾದ ಕುಸುರಿಗಾರರು ಕೆಚ್ಚಿನ ಬೆಲೆ ಬಲ್ಲವರು. ಅವರು ಚಿತ್ರ ಕೂರಿಸಲು ಹಾಸುವ ನೆಲ ಬೀಟೆಯ ಕೆಚ್ಚು. ಒಂದು ಕಾಲಕ್ಕೆ ಅದರಲ್ಲಿ ಆನೆದಂತ ಕೂಡಿಸುತ್ತಿದ್ದರು, ಈಗ ಹಲಸಿನ ಹಳದಿಯಂಥ ಬೇರೆ ಬೇರೆ ಮರಗಳ ಬಣ್ಣ. ಎಲೆಯಷ್ಟು ತೆಳುವಾದ ತುಂಡನ್ನು ಸಣ್ಣ ಗರಗಸದಲ್ಲಿ ಕೊಯ್ದು, ಹಲಗೆಯಲ್ಲಿ ಅದೇ ಅಳತೆಯ ಗುಳಿ ತೋಡಿ, ಅಂಟಿಸಿ ಉಜ್ಜಿದರೆ ಬೆರಳಿಗೆ ಕೂಡು ಸಿಗುವುದಿಲ್ಲ. 2005ರಲ್ಲಿ ಈ ಕಸುಬಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು.

ಈಗ ಪೀಠೋಪಕರಣದ ಅಂಗಡಿಗೆ ಹೋದರೆ ಕಿವಿಗೆ ಬೀಳುವುದು ‘ರೋಸ್‌ವುಡ್ ಫಿನಿಶ್’. ಮರದ ಪುಡಿ ಒತ್ತಿದ ಹಲಗೆ, ಮೇಲೆ ಬೀಟೆಯ ಗೆರೆ ಅಚ್ಚಾದ ಹಾಳೆ. ಅದನ್ನು ಕೊಳ್ಳುವವರು ಕೊಳ್ಳಲಿ, ಬೀಟೆ ಕಾಡಿನಲ್ಲೇ ಉಳಿದರೆ ನನಗೂ ಸಂತೋಷ. ಆದರೆ ನಿಜವಾದ ಮರ ಕೊಳ್ಳುವವರಾದರೂ ಹಲಗೆಯ ತುದಿ ತಿರುಗಿಸಿ, ‘ಇದರಲ್ಲಿ ಕೆಚ್ಚೆಷ್ಟು, ಬಿಳಿ ಎಷ್ಟು?’ ಎಂದು ಕನ್ನಡದಲ್ಲೇ ಕೇಳಬೇಕು.