ಪಡುವಣ ನಾಲ್ಕು ತಾಲ್ಲೂಕು: ಮೆಚ್ಚುಗೆ, ದೂರು

ಮೈಸೂರಿನಿಂದ ಪಡುವಣಕ್ಕೆ ಹೊರಟರೆ ಹುಣಸೂರು, ಅದನ್ನು ದಾಟಿದರೆ ಪಿರಿಯಾಪಟ್ಟಣ. ಬಲಕ್ಕೆ ಕಾವೇರಿ ದಂಡೆಯ ಕೃಷ್ಣರಾಜನಗರ, ಎಡಕ್ಕೆ ಕಬಿನಿ ಸೀಮೆಯ ಹೆಗ್ಗಡದೇವನಕೋಟೆ. ನಿಮ್ಮೂರು ಹೇಗೆ ಎಂದು ಇಲ್ಲಿಯವರನ್ನು ಕೇಳಿದರೆ ಮೊದಲು ಹೊಗಳುತ್ತಾರೆ: ಹವೆ ತಂಪು, ಮಣ್ಣು ಒಳ್ಳೆಯದು, ಹೊಳೆ ಹತ್ತಿರ, ಮೈಸೂರೂ ದೂರವಲ್ಲ. ಜಗಲಿಯ ಮೇಲೆ ಇನ್ನಷ್ಟು ಹೊತ್ತು ಕೂತರೆ ದೂರು ಶುರುವಾಗುತ್ತದೆ. ಹೊಗಳಿದ್ದು ಯಾವುದನ್ನೋ, ದೂರುವುದೂ ಅದನ್ನೇ. ಕಾಡು, ಹೊಳೆ, ಹೊಗೆಸೊಪ್ಪು ಈ ಮೂರನ್ನು ಬಿಟ್ಟು ಇಲ್ಲಿಯ ಸುಖವೂ ಇಲ್ಲ, ಸಂಕಟವೂ ಇಲ್ಲ.

ಹೊರಗಿನವರಿಗೆ ಬೇಕಾದದ್ದನ್ನು ಸಾಕಿ, ಬೆಳೆದು, ಮಾಡಿಕೊಡುವುದು ಹುಣಸೂರಿಗೆ ಹಳೆಯ ರೂಢಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಎಂಬ ದನಗಳ ಇಲಾಖೆಗೆ ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಅವನ ನಂತರ ಬಂದ ಇಂಗ್ಲಿಷರು ಆ ಇಲಾಖೆಯನ್ನು ಲಕ್ಷ್ಮಣತೀರ್ಥದ ದಡದ ಈ ಊರಿನಲ್ಲಿ ನಡೆಸಿದರು. ಫಿರಂಗಿ ಎಳೆಯುವ ಎತ್ತುಗಳು ಇಲ್ಲಿಂದ ಹೋಗುತ್ತಿದ್ದವು, ದಂಡಿಗೆ ಬೇಕಾದ ಚರ್ಮವನ್ನೂ ಇಲ್ಲೇ ಹದ ಮಾಡುತ್ತಿದ್ದರು. ಈಗ ಆ ಜಾಗದಲ್ಲಿ ಹೊಗೆಸೊಪ್ಪು ನಿಂತಿದೆ. ವರ್ಜೀನಿಯಾ ತಳಿಯ ಈ ಸೊಪ್ಪಿಗೆ ಇಲ್ಲಿಯ ಮರಳು ಮಿಶ್ರಿತ ಕೆಂಪು ಮಣ್ಣೂ ಮುಂಗಾರು ಮಳೆಯೂ ಒಪ್ಪುತ್ತವೆ. ಮೇ ತಿಂಗಳಲ್ಲಿ ಸಸಿ ನೆಟ್ಟು, ಎಲೆ ಬಲಿತಂತೆ ಕೆಳಗಿನಿಂದ ಮುರಿದು, ಕೋಲಿಗೆ ಪೋಣಿಸಿ, ಬ್ಯಾರನ್ನಿನಲ್ಲಿ ಹಗಲೂ ರಾತ್ರಿ ಬೆಂಕಿಯ ಕಾವು ಕೊಟ್ಟು ಹದ ಮಾಡುತ್ತಾರೆ. ಆಮೇಲೆ ಬೇಲು ಕಟ್ಟಿ ಕಟ್ಟೆಮಳಲವಾಡಿಗೋ ಚಿಲ್ಕುಂದಕ್ಕೋ ಕಂಪಲಾಪುರಕ್ಕೋ ತಂಬಾಕು ಮಂಡಳಿಯ ಹರಾಜಿಗೆ ಒಯ್ಯುತ್ತಾರೆ.

ರೈತರು ಇದನ್ನು ಬಿಡದಿರುವುದಕ್ಕೆ ಕಾರಣ ದುರಾಸೆಯಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ ಮಗಳ ಮದುವೆಗೂ ಮಗನ ಕಾಲೇಜಿಗೂ ಇಡೀ ಗಂಟಾಗಿ ದುಡ್ಡು ತರುವ ಬೆಳೆ ಮತ್ತೊಂದು ಕಾಣುತ್ತಿಲ್ಲ. ರಾಗಿ ಹೊಟ್ಟೆ ತುಂಬಿಸುತ್ತದೆ, ಸಾಲ ತೀರಿಸುವುದಿಲ್ಲ. ಆದರೆ ಒಂದು ಕಿಲೊ ಸೊಪ್ಪು ಹದವಾಗಲು ನಾಲ್ಕೈದು ಕಿಲೊ ಸೌದೆ ಉರಿಯುತ್ತದೆ. ಎಷ್ಟು ಬೆಳೆಯಬೇಕೆಂದು ಮಂಡಳಿ ಹೇಳುತ್ತದೆ, ಎಷ್ಟಕ್ಕೆ ಕೊಳ್ಳಬೇಕೆಂದು ಕಂಪನಿಗಳು ಹೇಳುತ್ತವೆ. ಇಬ್ಬನಿಯಲ್ಲಿ ತೊಯ್ದ ಎಲೆ ಮುರಿಯುವ ಹೆಂಗಸರಿಗೆ ತಲೆ ಸುತ್ತಿ ವಾಂತಿಯಾಗುತ್ತದೆ. ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಂಬಾಕು ಬಿಡಿ ಎಂದು ಸಲಹೆ ಕೊಡುವವರು ಬದಲಿ ಬೆಳೆಗೆ ನೀರನ್ನೂ ಬೆಲೆಯನ್ನೂ ಮೊದಲು ಗೊತ್ತುಮಾಡಿಕೊಡಬೇಕು. ಅಲ್ಲಿಯವರೆಗೆ ತಪ್ಪನ್ನು ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹುಣಸೂರಿನವರು ಎದೆಯುಬ್ಬಿಸಿ ಹೇಳುವ ಹೆಸರು ಒಂದಿದೆ. ಇದೇ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗಲೇ, 1973ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಮರುವರ್ಷ ಜಾರಿಯಾದ ಭೂಸುಧಾರಣೆ ಕಾನೂನಿನಿಂದ ಗೇಣಿದಾರ ಉಳುವ ನೆಲಕ್ಕೆ ಒಡೆಯನಾದ.

ಪಿರಿಯಾಪಟ್ಟಣ ಚೆಂಗಾಳ್ವರು ಆಳಿದ ನೆಲ. ಮೈಸೂರಿನ ಕಂಠೀರವ ನರಸರಾಜರು ಗೆದ್ದುಕೊಂಡ ಕೋಟೆಯ ಕಾಳಗವನ್ನು ಜನಪದರು ಹಾಡು ಕಟ್ಟಿ ಉಳಿಸಿಕೊಂಡರು. ಈ ತಾಲ್ಲೂಕಿನ ಬೈಲಕುಪ್ಪೆಯ ಕಾಡುಭೂಮಿಯನ್ನು ಆಗಿನ ಮೈಸೂರು ಸರ್ಕಾರ ಟಿಬೆಟ್ ತೊರೆದು ಬಂದವರಿಗೆ 1960ರ ಹೊತ್ತಿಗೆ ಬಿಟ್ಟುಕೊಟ್ಟಿತು. ಕಾಡು ಕಡಿದು, ಆನೆಗೆ ಹೆದರಿಕೊಂಡು ಜೋಳ ಬಿತ್ತಿದ ಆ ಜನರ ಮೊಮ್ಮಕ್ಕಳು ಇಂದು ಸಂತೆಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ. ಈ ಸೀಮೆಯ ಒಳ್ಳೆಯತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ. ದೂರೆಂದರೆ ರೈಲು. ಕುಶಾಲನಗರದ ಕಡೆಗೆ ಹಳಿ ಬರುತ್ತದೆಂಬ ಮಾತು ಕೇಳುತ್ತಲೇ ತಲೆಮಾರು ಕಳೆದಿದೆ. ಬೆಳಗಾದರೆ ಜೀಪು ತುಂಬಿಕೊಂಡು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗುವವರ ಕಷ್ಟ ಮಾತ್ರ ತಪ್ಪಿಲ್ಲ.

ನಾಲ್ಕರಲ್ಲಿ ರೈಲಿರುವುದು ಕೃಷ್ಣರಾಜನಗರಕ್ಕೆ. ಅದು ಹೊಳೆಯಿಂದ ಹುಟ್ಟಿದ ಊರು: 1924ರ ಕಾವೇರಿ ಪ್ರವಾಹ ಎಡತೊರೆ ಎಂಬ ಹಳೆಯ ಊರನ್ನು ಮುಳುಗಿಸಿದ ಮೇಲೆ ಎತ್ತರದ ಜಾಗದಲ್ಲಿ ಅಗಲವಾದ ನೇರ ಬೀದಿಗಳ ಹೊಸ ಊರು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ನಾಲೆ ನೀರಿನ ಗದ್ದೆಗಳಿಂದ ಭತ್ತದ ಕಣಜವೆನಿಸಿತು. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ದನಗಳ ಜಾತ್ರೆಗೆ ಮೈ ತೊಳೆದು ಕೊಂಬು ಸವರಿದ ಜೋಡೆತ್ತು ಬರುವುದನ್ನು ನೋಡಿದವರಿಗೆ ಈ ಸೀಮೆಯವರ ಹೆಮ್ಮೆ ಅರ್ಥವಾಗುತ್ತದೆ. ಅದೇ ಚುಂಚನಕಟ್ಟೆಯಲ್ಲಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಮುಚ್ಚಿದಾಗ ಕಬ್ಬು ಬೆಳೆದವರು ದೂರದ ಗಾಣಗಳ ಬಾಗಿಲು ಕಾಯಬೇಕಾಯಿತು.

ಹೆಗ್ಗಡದೇವನಕೋಟೆಯ ಮಾತೇ ಬೇರೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳ ಸೀಮೆ ಇದು. ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ, ಉಳುವವನಿಗೆ ಭೂಮಿ ಎಂಬ ಕಾನೂನು ಬಂದ ವರ್ಷವೇ. ಅತ್ತ ನೆಲ ಸಿಕ್ಕವರು ಸಂತೋಷಪಟ್ಟರು, ಇತ್ತ ನೆಲ ನೀರಿನಡಿ ಹೋಯಿತು. ಪುನ್ನಾಟದ ಅರಸರ ರಾಜಧಾನಿಯಾಗಿದ್ದ ಕಿತ್ತೂರೂ ಹಿನ್ನೀರಿನ ಪಾಲಾಯಿತು. ನೀರಿನ ಹೆಚ್ಚಿನ ಫಲ ಕೆಳಗಿನ ನಂಜನಗೂಡು, ಚಾಮರಾಜನಗರದ ಗದ್ದೆಗಳಿಗೆ ಹೋಯಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಸಿರು ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ, ಅದನ್ನು ನೋಡಲು ದೇಶ ವಿದೇಶದವರು ರೆಸಾರ್ಟಿಗೆ ಬರುತ್ತಾರೆ. ಅದೇ ಆನೆ ರಾತ್ರಿ ರಾಗಿ ಹೊಲಕ್ಕಿಳಿದರೆ ಅಟ್ಟಣೆಯ ಮೇಲೆ ಕೂತು ಕೂಗುವವನು ಈ ಊರಿನ ರೈತ. ಕಾಡು ಹಾಯುವ ಬಾವಲಿ ದಾರಿಯಲ್ಲಿ ಸಂಜೆಯಾದರೆ ಗೇಟು ಬೀಳುತ್ತದೆ. ಕಾಡಿನ ಜೀವಗಳಿಗೆ ಅದು ಬೇಕಾದದ್ದೇ.

ಆದರೆ ಕಾಡಿನಲ್ಲೇ ಬದುಕಿದ್ದ ಜೇನುಕುರುಬರಿಗೆ ಬಿದ್ದ ಗೇಟು ಬೆಳಗಾದರೂ ತೆರೆಯುವುದಿಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡೊಳಗಿನ ಹಾಡಿಗಳಿಂದ ಎಬ್ಬಿಸಿದ ಎಷ್ಟೋ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೆ ಬಂದವು. ಅಲ್ಲಿ ಮನೆ, ಶಾಲೆ, ಕರೆಂಟು ಇವೆ. ಮಕ್ಕಳ ಓದಿಗೆ ಒಳ್ಳೆಯದಾಯಿತೆಂದು ಮೆಚ್ಚುವವರೂ ಇದ್ದಾರೆ. ಜೇನು, ಗೆಡ್ಡೆ, ಸೊಪ್ಪು, ಸತ್ತ ಹಿರಿಯರ ಗುಡ್ಡೆ, ದೇವರ ಜಾಗ ಮಾತ್ರ ಕಾಡಿನೊಳಗೇ ಉಳಿದಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೆ ಕೊಟ್ಟ ಮಾತು ಕಾಗದದಲ್ಲಿದೆ. ಆ ಕಾಯ್ದೆಯಡಿ ಬಂದ ಅರ್ಜಿಗಳನ್ನು ಹಾಡಿಯ ಹಿರಿಯರ ಎದುರೇ ಕೂತು, ಅವರು ತೋರಿಸುವ ಗುರುತುಗಳನ್ನು ನೋಡಿ ಇತ್ಯರ್ಥ ಮಾಡಬೇಕು.