ಹಿಮದ ನಾಡಿನ ಎರಡು ಆಟದ ಬಯಲುಗಳು

ನಾನು ಚಿಕ್ಕವನಿದ್ದಾಗ ನಮ್ಮೂರಿನ ಮಕ್ಕಳಿಗೆ ಎರಡು ಬಗೆಯ ಆಟಗಳಿದ್ದವು. ಶಾಲೆಯ ಬಯಲಿನಲ್ಲಿ ಡ್ರಿಲ್ ಮೇಷ್ಟರ ಸೀಟಿಗೆ ತಕ್ಕಂತೆ ಆಡುವುದು ಒಂದು. ಶಾಲೆ ಬಿಟ್ಟ ಮೇಲೆ ಕೆರೆಯ ಏರಿಯ ಕೆಳಗೆ ಆಡುವ ಚಿನ್ನಿದಾಂಡು, ಲಗೋರಿ, ಮರಕೋತಿಗಳು ಇನ್ನೊಂದು. ಮೊದಲನೆಯದಕ್ಕೆ ಬಹುಮಾನವಿತ್ತು, ಎರಡನೆಯದಕ್ಕೆ ಇರಲಿಲ್ಲ. ಮರವೇರುವುದರಲ್ಲಿ ಊರಿಗೇ ಮೊದಲಿಗನಾಗಿದ್ದ ಹುಡುಗ ಶಾಲೆಯ ವಾರ್ಷಿಕೋತ್ಸವದ ದಿನ ಬೆಂಚು ಹೊರುವ ಕೆಲಸಕ್ಕೆ ಮಾತ್ರ ಬೇಕಾಗುತ್ತಿದ್ದ. ಆಗ ಅದು ನಮಗೆ ಅನ್ಯಾಯವೆಂದು ತೋರಿರಲಿಲ್ಲ. ಆಟದ ಅಳತೆಗೋಲು ಯಾರ ಕೈಯಲ್ಲಿರಬೇಕು ಎಂಬುದು ದೊಡ್ಡ ಪ್ರಶ್ನೆಯೆಂದು ನನಗೆ ಮನವರಿಕೆಯಾದದ್ದು ಬಹಳ ವರ್ಷಗಳ ಮೇಲೆ, ಕೆನಡಾದ ಉತ್ತರದ ಅಂಚಿನಲ್ಲಿರುವ ಒಂದು ಚಿಕ್ಕ ಪಟ್ಟಣದ ಚರಿತ್ರೆಯನ್ನು ಓದಿದಾಗ.

ಆ ಪಟ್ಟಣದ ಹೆಸರು ಇನುವಿಕ್. ಮೆಕೆಂಜಿ ನದಿ ಕವಲೊಡೆದು ಉತ್ತರದ ಹಿಮಸಾಗರವನ್ನು ಸೇರುವ ಮುಖಜ ಪ್ರದೇಶದಲ್ಲಿ, ಆರ್ಕ್ಟಿಕ್ ವೃತ್ತದಿಂದ ಸುಮಾರು 200 ಕಿಲೋಮೀಟರ್ ಉತ್ತರಕ್ಕೆ ಅದು ಇದೆ. ಚಳಿಗಾಲದಲ್ಲಿ ಅಲ್ಲಿ ಸುಮಾರು ಒಂದು ತಿಂಗಳು ಸೂರ್ಯನ ಮುಖವೇ ಕಾಣದು. ಬೇಸಿಗೆಯಲ್ಲಿ ವಾರಗಟ್ಟಲೆ ಅವನು ಮುಳುಗುವುದೇ ಇಲ್ಲ. ಇದು ತಾನಾಗಿ ಬೆಳೆದ ಊರಲ್ಲ. ಹತ್ತಿರದ ಅಕ್ಲಾವಿಕ್ ಎಂಬ ಹಳೆಯ ಊರು ನೆರೆಗೆ ಸಿಕ್ಕಿ ಹಾಳಾಗುತ್ತಿದೆಯೆಂದು 1950ರ ದಶಕದಲ್ಲಿ ಸರಕಾರ ನಕ್ಷೆ ಬರೆದು ಕಟ್ಟಿಸಿದ ಊರು. 1961ರಲ್ಲಿ ದೇಶದ ಪ್ರಧಾನಿಯೇ ಬಂದು ಅದನ್ನು ಉದ್ಘಾಟಿಸಿದರು. ಅಕ್ಲಾವಿಕ್‌ನ ಅನೇಕರು ಮಾತ್ರ ತಮ್ಮ ನೆಲವನ್ನು ಬಿಟ್ಟು ಕದಲಲಿಲ್ಲ. ಆ ಊರು ಇಂದಿಗೂ ಉಳಿದುಕೊಂಡಿದೆ.

ಗ್ವಿಚಿನ್ ಮತ್ತು ಇನುವಿಯಾಲುಯಿಟ್ ಎಂಬ ಮೂಲನಿವಾಸಿ ಜನರ ನಾಡು ಅದು. ಬೇಟೆ, ಮೀನುಗಾರಿಕೆ, ತುಪ್ಪುಳದ ಪ್ರಾಣಿಗಳಿಗೆ ಬೋನು ಒಡ್ಡುವುದು ಅವರ ಜೀವನೋಪಾಯ. ಹಿಮದ ಮೇಲೆ ದಿನವಿಡೀ ನಡೆಯುವುದನ್ನು ಮಕ್ಕಳು ಹಿರಿಯರ ಬೆನ್ನಹಿಂದೆಯೇ ಕಲಿಯುತ್ತಿದ್ದರು. 1959ರಲ್ಲಿ ಹೊಸ ಪಟ್ಟಣದಲ್ಲಿ ಚರ್ಚುಗಳು ನಡೆಸುವ ಎರಡು ವಿದ್ಯಾರ್ಥಿನಿಲಯಗಳು ತೆರೆದವು. ದೂರದೂರದ ಬಿಡಾರಗಳಿಂದ ಮಕ್ಕಳನ್ನು ತಂದು ಅಲ್ಲಿ ಇರಿಸಲಾಯಿತು. ತಾಯಿಯ ನುಡಿ ತಪ್ಪಿತು, ತಂದೆಯ ಕಸುಬು ತಪ್ಪಿತು. ಅಂಥ ಗೋಡೆಗಳ ಒಳಗೆ ನಡೆದ ದೌರ್ಜನ್ಯಗಳು ಮುಂದೆ ನ್ಯಾಯಾಲಯಗಳ ಮುಂದೆ ಬಂದವು.

ಈ ಹಿನ್ನೆಲೆಯಲ್ಲಿಯೇ ನಾನು ಹೇಳಬೇಕಾದ ಮೊದಲನೆಯ ಪ್ರಯೋಗ ನಡೆಯಿತು. ಫ್ರಾನ್ಸಿನಿಂದ ಬಂದ ಝಾನ್ ಮರಿ ಮೂಶೆ ಎಂಬ ಪಾದ್ರಿ, ರಸ್ತೆಯ ಸಂಪರ್ಕವೇ ಇಲ್ಲದ ಓಲ್ಡ್ ಕ್ರೋ ಎಂಬ ಗ್ವಿಚಿನ್ ಹಳ್ಳಿಯಲ್ಲಿ 1950ರ ದಶಕದಲ್ಲಿ ಹುಡುಗರಿಗೆ ಸ್ಕೀ ಹಲಗೆಗಳ ಮೇಲೆ ದೂರ ಓಡುವುದನ್ನು ಕಲಿಸಿದ್ದರು. 1960ರ ದಶಕದಲ್ಲಿ ಇನುವಿಕ್‌ಗೆ ಬಂದು ಸರಕಾರದ ನೆರವಿನಿಂದ ಅದನ್ನೇ ವಿಸ್ತರಿಸಿದರು. ಬೋನಿನ ದಾರಿಯಲ್ಲಿ ಮೈಗೂಡಿದ ತಾಳ್ಮೆ ಪಟ್ಟಣದ ಬಿಸಿಯಾದ ಕೋಣೆಗಳಲ್ಲಿ ಕರಗಿಹೋಗುತ್ತಿದೆ. ಅದನ್ನು ಉಳಿಸಲು ಒಂದು ದಾರಿ ಬೇಕು ಎಂಬುದು ಅವರ ವಿಚಾರ. ಪದಕ ಅವರ ಮೊದಲ ಗುರಿಯಾಗಿರಲಿಲ್ಲ.

ಆದರೂ ಪದಕಗಳು ಬಂದವು. 1953ರ ಡಿಸೆಂಬರ್ 31ರಂದು ಅಕ್ಲಾವಿಕ್‌ನಲ್ಲಿ ಹುಟ್ಟಿದ ಅವಳಿ ಸೋದರಿಯರು ಶರೋನ್ ಫರ್ತ್ ಮತ್ತು ಶರ್ಲಿ ಫರ್ತ್. ಬೇಟೆಯ ಮನೆತನದ ಗ್ವಿಚಿನ್ ಹೆಣ್ಣುಮಕ್ಕಳು. ಹದಿನೆಂಟರ ವಯಸ್ಸಿನಲ್ಲಿ, 1972ರಲ್ಲಿ ಅವರು ಜಪಾನಿನ ಸಪ್ಪೊರೊದ ಚಳಿಗಾಲದ ಒಲಿಂಪಿಕ್ ಕೂಟದಲ್ಲಿ ಕೆನಡಾದ ಪರವಾಗಿ ಓಡಿದರು. ಆಮೇಲೆ 1976, 1980, 1984ರ ಕೂಟಗಳಲ್ಲಿಯೂ ಓಡಿದರು. ಒಲಿಂಪಿಕ್ ಪದಕ ಅವರ ಕೈಗೆ ಸಿಗಲಿಲ್ಲ. ಸ್ವದೇಶದ ಚಾಂಪಿಯನ್‌ಷಿಪ್‌ಗಳಲ್ಲಿ ಮಾತ್ರ ಇಬ್ಬರೂ ಸೇರಿ ಗಳಿಸಿದ ಪದಕಗಳು 79. 1987ರಲ್ಲಿ ಇಬ್ಬರಿಗೂ ರಾಷ್ಟ್ರ ಗೌರವ ಸಂದಿತು. ಶರ್ಲಿ 2013ರಲ್ಲಿ ತೀರಿಕೊಂಡರು.

ಇದು ನಿಜವಾದ ಗೆಲುವು. ನಾನು ಅದನ್ನು ಕಿರಿದುಮಾಡಲಾರೆ. ಆದರೆ ಅಲ್ಲಿ ಶಕ್ತಿ ಮಾತ್ರ ಆ ನೆಲದ್ದು. ಗಡಿಯಾರ, ನಿಯಮ, ಗೆಲುವಿನ ಅರ್ಥ ಇವೆಲ್ಲ ಹೊರಗಿನಿಂದ ಬಂದವು. ಹಾಗಾದರೆ ಆ ಜನರ ಸ್ವಂತ ಆಟಗಳು ಎಲ್ಲಿ ಹೋದವು?

ಈ ಪ್ರಶ್ನೆ 1970ರಲ್ಲಿ ಬಹಿರಂಗವಾಗಿಯೇ ಎದ್ದಿತು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಯೆಲ್ಲೊನೈಫ್ ಪಟ್ಟಣದಲ್ಲಿ ಮೊದಲನೆಯ ‘ಆರ್ಕ್ಟಿಕ್ ಚಳಿಗಾಲದ ಕ್ರೀಡಾಕೂಟ’ ನಡೆಯಿತು. ಉತ್ತರದವರು ದಕ್ಷಿಣದವರ ಎದುರು ಸೋಲುತ್ತಲೇ ಇದ್ದಾರೆ, ಅವರಿಗೆ ಅವರದೇ ಕೂಟವಿರಲಿ ಎಂಬುದು ಆಡಳಿತಗಾರರ ಸದುದ್ದೇಶ. ಆದರೆ ಆಡಿದ್ದು ಮುಖ್ಯವಾಗಿ ದಕ್ಷಿಣದ ಆಟಗಳನ್ನೇ: ಹಾಕಿ, ಬ್ಯಾಡ್ಮಿಂಟನ್, ವಾಲಿಬಾಲ್. ಅದೇ ವರ್ಷದ ಬೇಸಿಗೆಯಲ್ಲಿ ಇನುವಿಕ್‌ನಲ್ಲಿ ಮೂಲನಿವಾಸಿಗಳೇ ‘ಉತ್ತರದ ಆಟಗಳು’ ಎಂಬ ತಮ್ಮ ಕೂಟವನ್ನು ನೆರೆಸಿದರು. ಅದಕ್ಕಾಗಿ ದುಡಿದವರಲ್ಲಿ ಎಡ್ವರ್ಡ್ ಲೆನ್ನಿ ಒಬ್ಬರು. ಮುಂದೆ 1991ರಲ್ಲಿ ಆ ಪ್ರಾಂತ್ಯದ ಆಡಳಿತದ ಮುಖ್ಯಸ್ಥೆಯಾದ ನೆಲ್ಲಿ ಕೂರ್ನೊಯೆ ಇನ್ನೊಬ್ಬರು.

ಆ ಆಟಗಳ ಸ್ವರೂಪವನ್ನು ಸ್ವಲ್ಪ ನೋಡೋಣ. ಮೇಲೆ ತುಪ್ಪುಳದ ಒಂದು ಚೆಂಡನ್ನು ತೂಗುಬಿಟ್ಟಿರುತ್ತಾರೆ. ಆಟಗಾರ ನೆಗೆದು ಒಂದು ಕಾಲಿನಿಂದ ಅದನ್ನು ಒದ್ದು, ಒದ್ದ ಕಾಲಿನ ಮೇಲೆಯೇ ಇಳಿದು ನಿಲ್ಲಬೇಕು. ಬೇಟೆ ಸಿಕ್ಕಿತೆಂದು ದೂರದಿಂದಲೇ ಊರಿನವರಿಗೆ ಸನ್ನೆ ಮಾಡಲು ಓಟಗಾರ ಹೀಗೆ ನೆಗೆದು ಒದೆಯುತ್ತಿದ್ದನೆಂದು ಹಿರಿಯರು ಹೇಳುತ್ತಾರೆ. ನೆಲದ ಮೇಲೆ ಮುಷ್ಟಿಯ ಗೆಣ್ಣುಗಳನ್ನೂ ಕಾಲ್ಬೆರಳುಗಳನ್ನೂ ಊರಿ ಸೀಲ್ ಪ್ರಾಣಿಯಂತೆ ಕುಪ್ಪಳಿಸುವುದು ಇನ್ನೊಂದು. ಅದು ನೋವನ್ನು ನುಂಗುವ ವಿದ್ಯೆ. ಹೆಂಗಸರು ಬೆಂಕಿ ಹೊತ್ತಿಸಿ ಚಹ ಕುದಿಸುವುದು, ರೊಟ್ಟಿ ಸುಡುವುದು, ಮೀನು ಹೆಚ್ಚುವುದು, ತೊಗಲು ಸುಲಿಯುವುದು ಕೂಡ ಸ್ಪರ್ಧೆಯೇ. ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿಯೆಂದರೆ, ಎದುರಾಳಿಯ ನೆಗೆತದಲ್ಲಿ ತಪ್ಪು ಕಂಡರೆ ಅದನ್ನು ತಿದ್ದಿಹೇಳುವುದು ಅಲ್ಲಿಯ ರೂಢಿ. ಹಸಿದ ಬಿಡಾರದಲ್ಲಿ ನೆರೆಯವನ ಸೋಲು ಯಾರ ಗೆಲುವೂ ಆಗುತ್ತಿರಲಿಲ್ಲವಷ್ಟೆ.

ಇಂಥ ಕೂಟವನ್ನು ನಡೆಸುವವರ ಕಷ್ಟ ಹಿಮದಿಂದ ಬಂದುದಕ್ಕಿಂತ ಹೆಚ್ಚಾಗಿ ಕಡತದಿಂದ ಬಂತು. ರಾಜಧಾನಿಯಲ್ಲಿ ಕ್ರೀಡೆಗೆ ಒಂದು ಇಲಾಖೆ, ಸಂಸ್ಕೃತಿಗೆ ಇನ್ನೊಂದು. ಚಹ ಕುದಿಸುವುದೂ ಮುಷ್ಟಿಯ ಮೇಲೆ ಕುಪ್ಪಳಿಸುವುದೂ ಕ್ರೀಡೆಯೇ, ಅಥವಾ ಸಂಸ್ಕೃತಿಯೇ? ಈ ಗೆರೆ ಆ ಜನರ ಬಾಳಿನಲ್ಲಿ ಇರಲಿಲ್ಲ. ಆದರೆ ಹಣ ಬರುವುದು ಆ ಗೆರೆಯ ಮೇಲೆ ನಿಂತಿತ್ತು. 1970ರ ದಶಕದುದ್ದಕ್ಕೂ ಅವರು ಈ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇರಬೇಕಾಯಿತು.

ಕಾಲ ಅವರ ಮಾತನ್ನು ನಿಧಾನವಾಗಿ ಒಪ್ಪಿತು. ಆರ್ಕ್ಟಿಕ್ ಕೂಟದಲ್ಲಿ 1974ರಿಂದ ಇನುಯಿಟ್ ಜನರ ಆಟಗಳಿಗೆ ಸ್ಥಾನ ದೊರೆಯಿತು. 1990ರಿಂದ ಡೆನೆ ಜನರ ಆಟಗಳಿಗೆ. ವಸತಿಶಾಲೆಗಳ ಅನ್ಯಾಯವನ್ನು ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ಮುಂದಿಟ್ಟ 94 ಕರೆಗಳಲ್ಲಿ ಐದು ಕ್ರೀಡೆಗೇ ಸಂಬಂಧಿಸಿದವು. ಮೂಲನಿವಾಸಿಗಳ ಸಂಸ್ಕೃತಿಗಳನ್ನೂ ಸಾಂಪ್ರದಾಯಿಕ ಆಟಗಳನ್ನೂ ಬಿಂಬಿಸುವ ಕ್ರೀಡಾ ಕಾರ್ಯಕ್ರಮಗಳಿಗೆ ಸ್ಥಿರವಾದ ಹಣ ಒದಗಬೇಕೆಂಬುದು ಅವುಗಳಲ್ಲಿ ಸೇರಿದೆ. ಇನುವಿಕ್‌ನವರು ನಲವತ್ತೈದು ವರ್ಷ ಮೊದಲು ಕೇಳಿದ್ದೂ ಅದನ್ನೇ.

ಸ್ಕೀ ಹಲಗೆ ಬೇಡ, ಹಳೆಯ ಆಟವೇ ಸಾಕು ಎಂದು ನಾನು ಹೇಳುತ್ತಿಲ್ಲ. ಫರ್ತ್ ಸೋದರಿಯರು ಎರಡು ಲೋಕಗಳಲ್ಲೂ ತಲೆಯೆತ್ತಿ ನಡೆದರು. ಮಕ್ಕಳನ್ನು ಬಯಲಿಗೆ ಕರೆದೊಯ್ಯುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇಷ್ಟೆ: ಈ ಮಕ್ಕಳ ಅಜ್ಜಿ ಈ ಬಯಲಿಗೆ ಬಂದು ನಿಂತರೆ, ಆಕೆಗೆ ಇಲ್ಲಿ ಹೇಳಿಕೊಡಲು ಏನಾದರೂ ಇದೆಯೇ, ಬರಿದೆ ಚಪ್ಪಾಳೆ ತಟ್ಟುವ ಕೆಲಸವೇ? ಬೆಂಚು ಹೊತ್ತು ನಿಂತಿದ್ದ ನಮ್ಮೂರಿನ ಆ ಹುಡುಗ ಇಂದೂ ನನ್ನ ಕಣ್ಣ ಮುಂದೆ ಇದ್ದಾನೆ. ಅವನಿಗಾಗಿ ಯಾರೂ ಆಗ ಈ ಪ್ರಶ್ನೆಯನ್ನು ಕೇಳಲಿಲ್ಲ.