ಅರಸನ ಆಟ, ಕುದುರೆಯ ಲೆಕ್ಕ

ಅಮೆರಿಕ, ಯೂರೋಪುಗಳಲ್ಲಿ ಪಿನ್‌ಬಾಲ್ ಯಂತ್ರಗಳನ್ನು ಜೀವನವಿಡೀ ಆಡುತ್ತ, ಹಳೆಯ ಯಂತ್ರಗಳನ್ನು ಕೊಂಡು ಕೂಡಿಡುವ ಹವ್ಯಾಸಿಗಳಿದ್ದಾರೆ. ಆಟವನ್ನು ಹೀಗೆ ಪ್ರೀತಿಸಿ ಕಲೆಹಾಕಿದವರು ನಮ್ಮಲ್ಲೂ ಇದ್ದರು. ಅವರಲ್ಲಿ ಪ್ರಮುಖರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). ಅವರು ಕೂಡಿಟ್ಟದ್ದು ಯಂತ್ರಗಳನ್ನಲ್ಲ. ಚದುರಂಗ, ಪಗಡೆ, ಎಲೆಯಾಟದಂಥ ಕುಳಿತು ಆಡುವ ಆಟಗಳನ್ನು. ಅವರನ್ನು ಸೆಳೆದ ಒಂದು ಸಮಸ್ಯೆಯ ಎಳೆ ಹಿಡಿದು ಹಿಂದಕ್ಕೆ ಹೋದರೆ, ಅದು ಕೊಳ್ಳೇಗಾಲ ತಾಲ್ಲೂಕಿನ ಸತ್ತೇಗಾಲದೊಡನೆ ನಂಟಿರುವ ಒಬ್ಬ ಕವಿಯನ್ನು ಮುಟ್ಟುತ್ತದೆ.

1799ರಲ್ಲಿ ಪಟ್ಟಕ್ಕೆ ಬಂದಾಗ ಕೃಷ್ಣರಾಜರಿಗೆ ಐದು ವರ್ಷ. ರಾಜ್ಯಭಾರ ನಡೆಸಿದವರು ದಿವಾನ್ ಪೂರ್ಣಯ್ಯ. ಅವರ ಸೇವೆಗಾಗಿ 1807ರಲ್ಲಿ ಯಳಂದೂರನ್ನು ಜಹಗೀರಾಗಿ ಕೊಡಲಾಯಿತು. ಪಕ್ಕದ ಕೊಳ್ಳೇಗಾಲ ಮತ್ತು ಹನೂರು ಸೀಮೆ ಕಂಪನಿಯ ಪಾಲಾಗಿ, 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1831ರಲ್ಲಿ ಮೈಸೂರಿನ ಆಡಳಿತವನ್ನೂ ಕಂಪನಿ ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಮುಂದಿನ 37 ವರ್ಷ ಒಡೆಯರು ಹೆಸರಿಗಷ್ಟೇ ಅರಸರು. ಆಡಳಿತ ಮನೆತನಕ್ಕೆ ಮರಳಿದ್ದು 1881ರಲ್ಲಿ, ಅವರ ದತ್ತುಪುತ್ರನ ಕಾಲಕ್ಕೆ.

ಅಧಿಕಾರವಿಲ್ಲದ ಅರಸ ಆಟದಲ್ಲಿ ಕಾಲ ಕಳೆದರು ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಅವರು ಮಾಡಿಟ್ಟ ಕೆಲಸ ಬೇರೆಯೇ ಮಾತು ಹೇಳುತ್ತದೆ. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಅವರು ಹೊಸ ಆಟಗಳನ್ನೂ ಕಟ್ಟಿದರು. ಅವರ ‘ಚದ್’ ಗಂಜೀಫಾ ಆಟಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಹೋಗುತ್ತದೆ. ನಮ್ಮ ಇಸ್ಪೀಟಿನಲ್ಲಿರುವುದು 52 ಮಾತ್ರ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಮನೆಗಳನ್ನು ಬಿಡಿಸಲಾಗಿದೆ.

ಚದುರಂಗದಲ್ಲಿ ಅವರನ್ನು ಸೆಳೆದ ಸಮಸ್ಯೆ ಕುದುರೆಯದು. ಕುದುರೆ ನೇರವಾಗಿ ಎರಡು ಮನೆ, ಪಕ್ಕಕ್ಕೆ ಒಂದು ಮನೆ ಹಾರುತ್ತದೆ. ಯಾವ ಮನೆಯನ್ನೂ ಎರಡನೆಯ ಸಲ ಮುಟ್ಟದೆ 64 ಮನೆಗಳನ್ನೂ ಅದು ಸುತ್ತಿಬರಬಲ್ಲುದೆ? ಬರಬಲ್ಲುದು. ಅಂಥ ಹಲವು ಸುತ್ತುಗಳನ್ನು ಒಡೆಯರು ಸ್ವತಃ ರಚಿಸಿದರು.

ಈ ಸಮಸ್ಯೆ ಅವರ ಕಾಲಕ್ಕೇ ಬಹಳ ಹಳೆಯದು. 9ನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಕುದುರೆಯ ನಡೆಯನ್ನು ಪದ್ಯದಲ್ಲಿ ಹೆಣೆದಿದ್ದ. ಅದನ್ನು ಇನ್ನೂ ಮುಂದಕ್ಕೆ ಒಯ್ದವರು ವೇದಾಂತ ದೇಶಿಕರು. 14ನೆಯ ಶತಮಾನದಲ್ಲಿ ಶ್ರೀರಂಗದ ಮೇಲೆ ದಾಳಿಯಾದಾಗ ಅಲ್ಲಿಂದ ತಪ್ಪಿಸಿಕೊಂಡು ಬಂದ ಅವರು ಕೆಲಕಾಲ ಸತ್ತೇಗಾಲದಲ್ಲಿ ನೆಲೆಸಿದ್ದರೆಂದು ಶ್ರೀವೈಷ್ಣವ ಪರಂಪರೆ ನಂಬುತ್ತದೆ. ಅವರ ‘ಪಾದುಕಾಸಹಸ್ರ’ದಲ್ಲಿ ಒಂದು ಸೋಜಿಗವಿದೆ. 32 ಅಕ್ಷರಗಳ ಒಂದು ಶ್ಲೋಕವನ್ನು ಸಾಲಿಗೆ ಎಂಟರಂತೆ ನಾಲ್ಕು ಸಾಲುಗಳಲ್ಲಿ ಬರೆಯಿರಿ. ಮೂಲೆಯ ಅಕ್ಷರದಿಂದ ಹೊರಟು ಕುದುರೆ ಹಾರುವ ಕ್ರಮದಲ್ಲಿ ಓದುತ್ತ ಹೋದರೆ, ಅರ್ಥವುಳ್ಳ ಮುಂದಿನ ಶ್ಲೋಕವೇ ಸಿಗುತ್ತದೆ!

ದೇಶಿಕರ ಕುದುರೆ ಕೊನೆಯ ಮನೆಯಿಂದ ಒಂದೇ ನೆಗೆತಕ್ಕೆ ಮೊದಲ ಮನೆಗೆ ಮರಳಲಾರದು. ಇದು ಕವಿಯ ಕೊರತೆಯಲ್ಲ. ನಾಲ್ಕು ಸಾಲಿನ ಮಣೆಯಲ್ಲಿ ಅಂಥ ಮುಚ್ಚಿದ ಸುತ್ತು ಅಸಾಧ್ಯ. ಕಾರಣ ಸರಳ. ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ‘ಹೊರಗಿನವು’, ನಡುವಿನ ಎರಡನ್ನು ‘ಒಳಗಿನವು’ ಎನ್ನೋಣ. ಹೊರಸಾಲಿನಿಂದ ಹಾರಿದ ಕುದುರೆ ಒಳಸಾಲಿಗೇ ಬೀಳಬೇಕು. ಹೊರಗೆ 16 ಮನೆ, ಒಳಗೂ 16. ಆದ್ದರಿಂದ ಮುಚ್ಚಿದ ಸುತ್ತಿನಲ್ಲಿ ಕುದುರೆ ಹೊರಗೆ, ಒಳಗೆ, ಹೊರಗೆ, ಒಳಗೆ ಎಂದು ತಪ್ಪದೆ ಬದಲಾಗುತ್ತಿರಬೇಕು. ಕುದುರೆಯ ಪ್ರತಿ ನೆಗೆತದಲ್ಲೂ ಮನೆಯ ಬಣ್ಣ ಕಪ್ಪು, ಬಿಳಿ ಎಂದು ಬದಲಾಗುತ್ತದೆ. ಎರಡನ್ನೂ ಸೇರಿಸಿದರೆ ಹೊರಗಿನ ಮನೆಗಳೆಲ್ಲ ಒಂದೇ ಬಣ್ಣದವು ಎಂದಾಗುತ್ತದೆ. ಮಣೆಯನ್ನು ನೋಡಿದರೆ ಹಾಗಿಲ್ಲ. ಆದ್ದರಿಂದ ಅಂಥ ಸುತ್ತು ಇಲ್ಲ.

ಯೂರೋಪಿನಲ್ಲಿ ಈ ಸಮಸ್ಯೆಯನ್ನು ಗಣಿತವಾಗಿ ಕೈಗೆತ್ತಿಕೊಂಡವನು ಲಿಯೊನಾರ್ಡ್ ಆಯ್ಲರ್, 1759ರಲ್ಲಿ. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಒಂದು ಉಪಾಯ ಹೇಳಿದ: ಮುಂದೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೆ ಮೊದಲು ಹಾರು. ಮೂಲೆಯ ಮನೆಗಳು ಒಂಟಿಯಾಗಿ ಉಳಿದುಬಿಡದಂತೆ ಇದು ಕಾಯುತ್ತದೆ. 8×8 ಮಣೆಯಲ್ಲಿ ಮುಚ್ಚಿದ ಸುತ್ತುಗಳ ಸಂಖ್ಯೆ 13 ಲಕ್ಷ ಕೋಟಿಗೂ ಹೆಚ್ಚು ಎಂಬುದನ್ನು ಕಂಪ್ಯೂಟರುಗಳು ಎಣಿಸಿ ಹೇಳಿದವು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಡೆಯರು ಕೈಯಿಂದಲೇ ಹುಡುಕಿದ್ದು ಇಂಥ ಕಾಡಿನಲ್ಲಿ.

ಅವರ ಸಂಗ್ರಹಕ್ಕೆ ಬೆಲೆ ಬರುವುದು ಇಲ್ಲೇ. ಆಟದ ನಿಯಮ ಬಾಯಿಂದ ಬಾಯಿಗೆ ಸಾಗುತ್ತದೆ. ಒಂದು ತಲೆಮಾರು ಆಡದಿದ್ದರೆ ಮಣೆ ಉಳಿದರೂ ಆಟ ಸಾಯುತ್ತದೆ. ಬರೆದಿಟ್ಟದ್ದರಿಂದಲೇ ಅರಮನೆಯ ಆಟಗಳನ್ನು ಇಂದಿಗೂ ಅಭ್ಯಾಸ ಮಾಡಬಹುದಾಗಿದೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 2007ರಲ್ಲಿ ಆರಂಭಿಸಿದ ‘ಕ್ರೀಡಾ ಕೌಶಲ್ಯ’ ಪ್ರದರ್ಶನಗಳು ಹಳೆಯ ಆಟಗಳನ್ನು ಮತ್ತೆ ಜನರ ಮುಂದಿಟ್ಟವು. ಆದರೆ ಜಗಲಿಯ ಆಟಗಳಿಗೆ ಅಂಥ ‘ಕೌತುಕನಿಧಿ’ ಬರೆಯುವವರು ಯಾರು? ಒಂದೇ ಆಟಕ್ಕೆ ಊರಿಗೊಂದು ನಿಯಮವಿರುವುದುಂಟು. ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲಾ ಮಕ್ಕಳು ತಮ್ಮ ಅಜ್ಜಿಯರಿಂದ ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳ ನಿಯಮಗಳನ್ನು ಕೇಳಿ ಬರೆದಿಟ್ಟರೆ ಅದೇ ಒಂದು ನಿಧಿ.

ಕೊನೆಗೆ ಒಂದು ಪ್ರಶ್ನೆ. ಚೌಕಾಬಾರಕ್ಕೆ ಬರೆಯುವ 25 ಮನೆಗಳ ಚೌಕದಲ್ಲಿ ಕುದುರೆಯನ್ನು ಬಿಡಿ. ಮೂಲೆಯಿಂದ ಹೊರಟರೆ ಅದು 25 ಮನೆಗಳನ್ನೂ ಮುಟ್ಟಬಲ್ಲುದು. ಮೂಲೆಗೆ ಅಂಟಿದ ಪಕ್ಕದ ಮನೆಯಿಂದ ಹೊರಟರೆ ಎಷ್ಟು ತಿಣುಕಿದರೂ ಆಗದು. ಏಕೆ? ಮನೆಗಳಿಗೆ ಎರಡು ಬಣ್ಣ ಬಳಿದು, ಎಣಿಸಿ ನೋಡಿ.